ಎಲ್ಲರ ಉಡಿ

ಮೊನ್ನೆ ಹಳೆಯ ತಲೆದಿಂಬಿನ ಹೊಲಿಗೆ ಬಿಚ್ಚಿತು. ಒಳಗಿನ ಮುಗ್ಗಲು ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಮುದುಕಿ ದೊಡ್ಡವ್ವ ಎದುರಿಗೆ ಬಂದು ನಿಂತಂತಾಯಿತು. ಸತ್ತು ಎಷ್ಟೋ ವರ್ಷವಾದರೂ ಆಕೆಗೆ ನನ್ನ ಮೇಲೆ ಇನ್ನೂ ಅಧಿಕಾರ...

ನಾನು ಸವಡಿಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ಪಕ್ಕದ ಮನೆಯಾಕೆಯನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಬಿಡಿಸಿದ್ದು ಸೆರಗಿನ ಉಡಿಗೆ, ಉಡಿ ತುಂಬಿದರೆ ಬದುವಿನ ರಾಶಿಗೆ. ಯಾರಾದರೂ ಹಿಂದುಳಿದರೆ ದೊಡ್ಡವ್ವ "ಕೂಡಸ್ರೆವ್ವಾ!" ಎಂದು ಕೂಗುವಳು. ಸಾಲು ಮುಗಿಸಿದವರೆಲ್ಲ ತಿರುಗಿ ಬಂದು ಹಿಂದುಳಿದವಳ ಸಾಲಿಗೆ ಕೈ ಹಚ್ಚುತ್ತಿದ್ದರು. ಆ ಒಂದು ಮಾತಿನ ಮೇಲೆ ಗುಂಪು ನಿಂತಿತ್ತು. ಕೂಲಿಯೂ ಹತ್ತಿಯೇ, ಎಲ್ಲರಿಗೂ ಸಮಪಾಲು.

ಒಂದು ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ನಾನು ಏಳು ತಿಂಗಳ ಬಸುರಿ. ನನ್ನ ಪಾಲಿನ ಹತ್ತಿಯಲ್ಲಿ ತೊಟ್ಟಿಲಿಗೊಂದು ಪುಟ್ಟ ಗಾದಿ ಮಾಡಬೇಕೆಂದಿದ್ದೆ.

ಅವತ್ತೊಂದು ದಿನ, ಅರ್ಧ ಹೊಲ ಇವತ್ತು, ಉಳಿದದ್ದು ನಾಳೆ ಎಂದು ಹೊರಟಿದ್ದೆವು. ಮಧ್ಯಾಹ್ನಕ್ಕೆ ಗಜೇಂದ್ರಗಡದ ಕಡೆ ಮೋಡ ಎದ್ದಿತು. ನೆನೆದ ಹತ್ತಿಯನ್ನು ನಾಯಿಯೂ ಮೂಸುವುದಿಲ್ಲ.

"ನಾಳಿ ಮಾತ ಬಿಡ್ರಿ. ಮಳಿ ಬರೂದ್ರಾಗ ಇಡೀ ಹೊಲ ಮುಗೀಬೇಕು. ಇವತ್ತ ಕೂಡಸೂದಿಲ್ಲ. ಯಾರೂ ಹೊಳ್ಳಿ ನೋಡಬ್ಯಾಡ್ರಿ," ಎಂದಳು ದೊಡ್ಡವ್ವ.

ಯಾರೂ ನೋಡಲಿಲ್ಲ. ಅಷ್ಟು ಚೆನ್ನಾಗಿ ಪಳಗಿಸಿದ್ದಳು. ನಡು ಸಾಲಿನಲ್ಲಿ ನನಗೆ ನೋವು ಕಾಣಿಸಿಕೊಂಡಿತು.

"ದೊಡ್ಡವ್ವಾ, ಹೊಟ್ಟಿ ಭಾಳ ನೋಯಾಕ ಹತ್ತೇತ್ರಿ..."

"ನಾವೂ ಹಡದೀವಿ. ಕೈ ನಿಲ್ಲಸಬ್ಯಾಡ."

ಎರೆಮಣ್ಣಿನಲ್ಲಿ ಕುಸಿದು ಕುಳಿತೆ. ಎಲ್ಲರ ಬೆನ್ನುಗಳು ದೂರ ದೂರ ಸರಿಯುತ್ತಿದ್ದವು... ಮಳೆಗಿಂತ ಮೊದಲು ಹತ್ತಿ ಚಕ್ಕಡಿ ಏರಿತು. ಆಮೇಲೆ ನನ್ನನ್ನು ಏರಿಸಿದರು. ಗಂಡುಕೂಸು. ಅದು ಅಳಲಿಲ್ಲ.

ಮರುದಿನ ದೊಡ್ಡವ್ವ ನನ್ನ ಪಾಲು ತಂದು ತಲೆಯ ಹತ್ತಿರ ಇಟ್ಟಳು. ಒಂದು ಎಳೆಯೂ ಕಡಿಮೆ ಇರಲಿಲ್ಲ.

"ಒಂದ ಉಡಿ ಬರಿದಾತು, ಖರೇ. ಎಲ್ಲಾರ ಉಡಿ ತುಂಬೇತಿ ನೋಡು," ಎಂದಳು.

ಸುಳ್ಳಲ್ಲ. ಆ ಮಳೆಗೆ ಅಕ್ಕಪಕ್ಕದ ಹೊಲಗಳ ಹತ್ತಿಯೆಲ್ಲ ಮಣ್ಣುಪಾಲಾಗಿತ್ತು. ನಮ್ಮ ಗುಂಪಿನವರ ಮನೆಗಳಲ್ಲಿ ಮಾತ್ರ ಆ ಬೇಸಿಗೆ ಒಲೆ ಆರಲಿಲ್ಲ. ಸುಳ್ಳಾಗಿದ್ದರೆ ಜುಟ್ಟು ಹಿಡಿದು ಜಗಳ ತೆಗೆಯುತ್ತಿದ್ದೆ. ನಿಜವಾದ್ದರಿಂದಲೇ ಆಕೆಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ನನ್ನ ಉಡಿ ತುಂಬಲೇ ಇಲ್ಲ. ಆ ಪಾಲಿನ ಹತ್ತಿಯಲ್ಲೇ ಗಾದಿ ಹೊಲಿದಿಟ್ಟಿದ್ದೆ, ಸುಮ್ಮನೆ ಯಾಕೆ ಬಿದ್ದಿರಬೇಕೆಂದು ತಲೆದಿಂಬು ಮಾಡಿಕೊಂಡೆ. ಮೊನ್ನೆ ಹೊರಬಂದ ಹತ್ತಿಯನ್ನು ಒಳಗೆ ತುರುಕಿ ಮತ್ತೆ ಹೊಲಿದೆ. ದಿಂಬಿಗೆ ಅದು ಸ್ವಲ್ಪ ಉದ್ದವೇ. ಅಳತೆ ತೊಟ್ಟಿಲಿನದು.