ಬಿಳಿ ಅಸ್ತರಿನ ಚಾಣ

ಅವಳ ಕಸುಬು ಕೋಟುಗಳ ಅಸ್ತರು ಬದಲಿಸುವುದು. ಮೂರನೇ ಮಹಡಿಯ ಹೊಲಿಗೆ ಅಂಗಡಿಯಲ್ಲಿ ಕಿಟಕಿ ಪಕ್ಕದ ಯಂತ್ರ ಅವಳದು, ಎದುರಿನ ಮಣೆಯ ಮೇಲೆ ಗುಂಡಿಗಳ ರಾಶಿ ಹಾಕಿಕೊಂಡು ಕಾಜಾ ಹೊಲಿಯುತ್ತಾ ಕೂರುವವಳು ನಾದಿನಿ. ಇಬ್ಬರ ನಡುವೆ ಚಿಂದಿಬಟ್ಟೆಯ ಗುಡ್ಡೆ, ಆ ಗುಡ್ಡೆಯಲ್ಲಿ ಎರಡು ವರ್ಷದ ಪುಟ್ಟಿ. ಹಗಲಿಡೀ ಉಡುಪಿನ ಒಳಮೈಯನ್ನೇ ನೋಡಿ ನೋಡಿ ಅವಳ ಕಣ್ಣಿಗೆ ಒಂದು ಚಟ ಅಂಟಿಬಿಟ್ಟಿತ್ತು. ತಲೆಯ ಮೇಲೆ ಯಾವ ಹಕ್ಕಿ ಹಾರಿದರೂ ಮೊದಲು ನೋಡುವುದು ರೆಕ್ಕೆಯ ಅಸ್ತರನ್ನು.

ಅವಳಿಗೆ ಹಕ್ಕಿಯ ಹುಚ್ಚು ಹಿಡಿದದ್ದು ಮಗಳು ಪುಟ್ಟಿ ಹುಟ್ಟಿದ ಮೇಲೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ತಾರಸಿಯಲ್ಲಿ ಅತ್ತಿಂದಿತ್ತ ಓಡಾಡುವಾಗ, ಅಲ್ಲಿ ದುರ್ಬೀನು ಹಿಡಿದು ನಿಂತಿದ್ದ ನಿವೃತ್ತ ಭೂಗೋಳದ ಮೇಷ್ಟ್ರು ಸಿಕ್ಕಿದ್ದರು. ವರ್ಷಕ್ಕೆ ಎರಡೇ ವಾರ, ಗಾಳಿ ದಿಕ್ಕು ಬದಲಿಸುವ ಹೊತ್ತಿಗೆ, ಗಿಡುಗಗಳು, ಚಾಣಗಳು ಊರಿನ ಮೇಲೆ ಹಾದು ದಕ್ಷಿಣಕ್ಕೆ ಹೋಗುತ್ತವೆ. ಅವುಗಳ ಲೆಕ್ಕವೆಲ್ಲ ಮೇಷ್ಟ್ರ ದಪ್ಪ ದಫ್ತರದಲ್ಲಿ. ಆ ದಫ್ತರಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅಪರೂಪದ ಹಕ್ಕಿಯಾದರೆ ಇಬ್ಬರು ನೋಡಿರಬೇಕು, ಒಬ್ಬರಿಗೊಬ್ಬರು ಚಕಾರ ಎತ್ತದೆ ಬೇರೆಬೇರೆಯಾಗಿ ವರ್ಣಿಸಬೇಕು.

ಹೋದ ವರ್ಷ ಅವಳು ಬಿಳಿ ಅಸ್ತರಿನ ಚಾಣ ನೋಡಿದ್ದಳು. ಈ ಊರಿನ ಮೇಲೆ ಅದುವರೆಗೆ ಯಾರೂ ಕಂಡಿರದ ಹಕ್ಕಿ! ಎರಡನೇ ಸಾಕ್ಷಿ ಗಂಡ. ಮೇಷ್ಟ್ರು, "ಬಾಲ ಬಿಳಿನಾ?" ಎಂದರು. "ಹೌದು ಹೌದು." "ಕಪ್ಪಲ್ವಾ?" "ಹೌದು ಹೌದು, ಕಪ್ಪೇ." ಪಾಪ, ಹೆಂಡತಿ ಗೆಲ್ಲಲಿ ಅಂತ ಎಲ್ಲಕ್ಕೂ ತಲೆಯಾಡಿಸಿಬಿಟ್ಟ. ದಫ್ತರದಲ್ಲಿ ಬಿದ್ದದ್ದು 'ಗುರುತಾಗದ ಚಾಣ' ಎಂಬ ಒಂದು ಸಾಲು. ಆ ಸಾಲು ಅವಳಿಗೆ ವರ್ಷವಿಡೀ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು.

ಈ ಸಲದ ಎರಡು ವಾರಗಳ ಕೊನೆಯ ದಿನ. ಮೇಷ್ಟ್ರು ಹಲ್ಲು ಕೀಳಿಸಲು ಹೋಗಿದ್ದರು, ದುರ್ಬೀನು ಇವಳ ಕೊರಳಲ್ಲಿತ್ತು. ಊಟ ಮುಗಿಸಿ ತಾರಸಿಗೆ ಹೋದವಳು ಉತ್ತರಕ್ಕೆ ನೋಡಿದಳು. ಪಾರಿವಾಳದಷ್ಟೇ ಗಾತ್ರ, ಚೂಪು ರೆಕ್ಕೆ, ಒಂದಲ್ಲ ಎರಡಲ್ಲ, ಒಂದು ದೊಡ್ಡ ಹಿಂಡೇ ಗಾಳಿಯ ಮೇಲೆ ಜಾರಿಕೊಂಡು ಬರುತ್ತಿತ್ತು! ಒಂದು ಓರೆಯಾಗಿ ಹೊರಳಿತು. ಅಸ್ತರು ಬೆಳ್ಳಗೆ ಮಿಂಚಿತು.

"ಬಾರೇ! ಬೇಗ ಬಾರೇ, ಸೂಜಿ ಬಿಸಾಕಿ ಬಾ!"

ನಾದಿನಿ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಏದುಸಿರು ಬಿಡುತ್ತಾ ಬಂದಳು. "ಏನತ್ತಿಗೆ, ಬೆಂಕಿ ಗಿಂಕಿ ಬಿತ್ತಾ?"

ಇವಳು ದುರ್ಬೀನನ್ನು ನಾದಿನಿಯ ಕೈಗೆ ತುರುಕಿ ಮೇಲೆ ಬೆರಳು ಮಾಡಿದಳು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಒಂದೇ ಒಂದು ಶಬ್ದ ಜಾರಿದರೂ ಸಾಕ್ಷಿ ಕೆಟ್ಟಂತೆ. ಕೊರಳಲ್ಲಿದ್ದ ಅಳತೆ ಟೇಪಿನ ತುದಿಯನ್ನೇ ಹಲ್ಲಲ್ಲಿ ಕಚ್ಚಿ ಹಿಡಿದಳು.

ನಾದಿನಿ ನೋಡಿದಳು. ನೋಡುತ್ತಲೇ ಇದ್ದಳು. ಹಿಂಡು ನೀರಿನ ಟ್ಯಾಂಕಿನ ಆಚೆ ಕರಗಿದ ಮೇಲೆ, "ಹೂಂ" ಎಂದು ದುರ್ಬೀನು ವಾಪಸು ಕೊಟ್ಟು ಇಳಿದೇ ಹೋದಳು. ಅಷ್ಟೇ!

ಆಮೇಲಿನ ಎರಡು ಗಂಟೆ ಇವಳಿಗೆ ಎರಡು ಯುಗ. ತಾನು ಕಂಡದ್ದನ್ನೆಲ್ಲ ಕಂದುಕಾಗದದ ಮೇಲೆ ಬರೆದು ಮಡಚಿ ಇಸ್ತ್ರಿಪೆಟ್ಟಿಗೆಯ ಅಡಿಗಿಟ್ಟಳು. ಎದುರಿಗೇ ನಾದಿನಿ. ಕೇಳುವ ಹಾಗಿಲ್ಲ.

"ಕೇಳ್ಬೇಕು ಅನ್ನಿಸ್ತಿದೆ ಅಲ್ವಾ?" ನಾದಿನಿ ನೂಲು ಕಚ್ಚಿ ತುಂಡರಿಸಿದಳು. "ಹೇಳ್ಲಾ?"

"ಬಾಯಿ ಮುಚ್ಚೇ! ನನ್ನಾಣೆ, ಮೇಷ್ಟ್ರು ಬರೋವರೆಗೂ ತುಟಿ ಬಿಚ್ಚಬೇಡ."

"ಹತ್ತು ವರ್ಷದಲ್ಲಿ ಇವತ್ತೇ ಮೊದಲು ನೀವು ನನ್ನ ಮಾತಿಗೆ ಕಾಯ್ತಿರೋದು. ಸ್ವಲ್ಪ ಅನುಭವಿಸೋಕೆ ಬಿಡಿ."

ಇವಳ ಕಾಲು ಪೆಡಲಿನ ಮೇಲೆ ನಿಲ್ಲುತ್ತಿರಲಿಲ್ಲ. ಎಡತೋಳಿಗೆ ಬಲತೋಳಿನ ಅಸ್ತರು ಹೊಲಿದಳು, ಬಿಚ್ಚಿದಳು, ಮತ್ತೆ ಅದನ್ನೇ ಹೊಲಿದಳು.

ಐದಕ್ಕೆ ಮೇಷ್ಟ್ರು ಬಂದರು, ಒಂದು ಕೆನ್ನೆ ಬನ್ನಿನಂತೆ ಊದಿತ್ತು. ವಿಷಯ ಕೇಳಿದ್ದೇ ನೋವು ಮರೆತು ದಫ್ತರ ಬಿಚ್ಚಿದರು. ಇವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಇವಳ ಚೀಟಿಯನ್ನು ಮುಂದಿಟ್ಟುಕೊಂಡು, ನಾದಿನಿಯನ್ನು ಕೇಳಿದರು, "ನೀನು ಕಂಡಿದ್ದು ಹೇಳಮ್ಮ."

ಇವಳು ಪುಟ್ಟಿಯನ್ನು ಅವುಚಿಕೊಂಡು ಬಾಗಿಲಿಗೆ ಕಿವಿ ಅಂಟಿಸಿದಳು.

"ಮೇಲೆ ಮಸಿ ಬೂದಿ ಕೋಟು," ನಾದಿನಿಯ ದನಿ. "ಚಡ್ಡಿ ಇಟ್ಟಿಗೆ ಬಣ್ಣದ್ದು. ಕಾಲೂ ಕೆಂಪೇ. ಕೆಲವಕ್ಕೆ ಕೋಟಿಲ್ಲ, ಗೆರೆಗೆರೆ ಅಂಗಿ."

"ರೆಕ್ಕೆ ಒಳಗೆ?"

"ಅದನ್ನೇ ಹೇಳೋಣ ಅಂತಿದ್ದೆ. ಅಸ್ತರು ಬಿಳಿ, ಆದ್ರೆ ಅಂಚಿನವರೆಗೆ ಬಂದೇ ಇಲ್ಲ ಮೇಷ್ಟ್ರೇ! ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಾರೆ, ಆಚೆಗೆಲ್ಲ ಕಪ್ಪು. ಬಟ್ಟೆ ಸಾಲಲಿಲ್ವೇನೋ."

ಕಂದುಕಾಗದದ ಮೇಲೆ ಇವಳು ಬರೆದ ಕೊನೆಯ ಸಾಲೂ ಅದೇ ಆಗಿತ್ತು. ಅಸ್ತರು ಬಿಳಿ, ಅರ್ಧಕ್ಕೆ ನಿಂತಿದೆ, ಅಂಚು ಕಪ್ಪು.

ಇವಳು ಬಾಗಿಲು ತಳ್ಳಿಕೊಂಡು ಒಳನುಗ್ಗಿದಳು. ಪುಟ್ಟಿ ಏನೂ ತಿಳಿಯದೆ ಕೇಕೆ ಹಾಕಿತು. ಮೇಷ್ಟ್ರು ಊದಿದ ಬಾಯಲ್ಲೇ ನಗುತ್ತಾ, "ಎಫ್ಟಿದ್ವು?" ಎಂದರು.

"ಅರವತ್ತರ ಹತ್ತಿರ..." ಎಂದಳು ಇವಳು.

"ಐದು ಡಜನ್, ಮೇಲೆ ಮೂರು," ಎಂದಳು ನಾದಿನಿ. "ಗುಂಡಿ ಹಾಕೋಳ ಹತ್ರ 'ಹತ್ತಿರ' ಅನ್ನೋ ಮಾತೇ ಇಲ್ಲ."

ಮೇಷ್ಟ್ರು ಬರೆದರು: ಬಿಳಿ ಅಸ್ತರಿನ ಚಾಣ, ಅರವತ್ತಮೂರು. ನೋಡಿದವರು ಅತ್ತಿಗೆ, ನಾದಿನಿ. ಇವಳು ಹಿಂದಿನ ಪುಟ ತಿರುವಿದಳು. ಹೋದ ವರ್ಷದ 'ಗುರುತಾಗದ ಚಾಣ'ದ ಪಕ್ಕದಲ್ಲಿ ಗಂಡನ ಸೊಟ್ಟ ಸಹಿ ಹಾಗೇ ಇತ್ತು.

"ಇದನ್ನ ತಿದ್ದೋಕಾಗಲ್ಲ," ಎಂದರು ಮೇಷ್ಟ್ರು.

"ಬೇಡ, ಇರ್ಲಿ ಬಿಡಿ," ಎಂದು ಇವಳು ಆ ಸಹಿಯ ಮೇಲೆ ಬೆರಳಾಡಿಸಿದಳು.

ಅಷ್ಟರಲ್ಲಿ ನಾದಿನಿ ಆಗಲೇ ಮಣೆಗೆ ಮರಳಿದ್ದಳು. "ಅತ್ತಿಗೆ, ಆರಕ್ಕೆ ಗಿರಾಕಿ ಬರ್ತಾರೆ, ಎಡತೋಳು ಹಾಗೇ ಬಿದ್ದಿದೆ. ಅಸ್ತರು ಅರ್ಧಕ್ಕೆ ನಿಂತ್ರೆ ಚಾಣಕ್ಕೆ ಚಂದ, ನಮಗಲ್ಲ!"