ಕುಲ್ಲಾ ಸಾರ್

ಚೆನ್ನೈಗೆ ವರ್ಗವಾಗಿ ಬಂದ ಮೊದಲ ಧನುರ್ಮಾಸದಲ್ಲಿ ಅಮ್ಮ ಅಪ್ಪನಿಗೊಂದು ಮಂಕಿ ಕ್ಯಾಪ್ ಹೆಣೆದುಕೊಟ್ಟಳು. ಇಟ್ಟಿಗೆ ಬಣ್ಣದ ಉಲ್ಲನ್, ಕಣ್ಣಿಗೊಂದು ಕಿಂಡಿ, ಬಾಯಿಗೊಂದು ಕಿಂಡಿ. ಆ ಊರಲ್ಲಿ ಚಳಿಯೇ ಇಲ್ಲ, ಆ ಮಾತು ಬೇರೆ. ಸಕ್ಕರೆ ಕಾಯಿಲೆಯ ಅಪ್ಪ ಅದನ್ನು ತೊಟ್ಟು ದಿನಾ ಬೆಳಿಗ್ಗೆ ಸಮುದ್ರದ ದಂಡೆಗೆ ವಾಕಿಂಗ್ ಹೋಗುತ್ತಿದ್ದರು. ಮುಖ ಮುಚ್ಚಿದ್ದರೆ ಯಾರಿಗೂ ಗುರುತು ಸಿಗದೆಂದು ನಂಬಿದ್ದರು, ಪಾಪ.

ಒಂದು ಭಾನುವಾರ ನಾವೂ ಜೊತೆಗೆ ಹೋದೆವು. ಬರುವಾಗ ಅಮ್ಮ ಕಾಫಿ ಬೇಕೆಂದು ತ್ರಿಪ್ಲಿಕೇನಿನ ಒಂದು ಮೆಸ್ಸಿಗೆ ನುಗ್ಗಿದಳು. ಬಡಿಸುವವನು ಅಪ್ಪನನ್ನು ಕಂಡು ಹಲ್ಲುಬಿಟ್ಟ.

"ವಾಂಗ ಕುಲ್ಲಾ ಸಾರ್! ವಳಕ್ಕಮಾನ ಸಕ್ಕರೈ ಪೊಂಗಲಾ?"

ತಮಿಳು ಬಾರದ ಅಮ್ಮನ ಕಿವಿಗೆ ಬಿದ್ದದ್ದು ಒಂದೇ ಪದ. "ಆರಡಿ ಮನುಷ್ಯನ್ನ ಕುಳ್ಳ ಅಂತಾನಲ್ರೀ! ಸುಮ್ನಿದೀರಲ್ಲ?"

"ಹೋಗ್ಲಿ ಬಿಡೇ," ಎಂದು ಅಪ್ಪ ಆ ಅವಮಾನವನ್ನು ಸಂತೋಷವಾಗಿ ನುಂಗಿಕೊಂಡರು.

ಶಾಲೆಯಲ್ಲಿ ತಮಿಳು ಕಲಿಯುತ್ತಿದ್ದ ಅಧಿಕಪ್ರಸಂಗಿ ನಾನು ಬಾಯಿ ಹಾಕಿದೆ. "ಕುಲ್ಲಾ ಅಂದ್ರೆ ಟೋಪಿ ಅಮ್ಮಾ. ದಿನಾ ತಿನ್ನೋ ಸಿಹಿ ಪೊಂಗಲ್ಲೇ ಕೊಡ್ಲಾ ಅಂತ ಕೇಳ್ತಿದಾನೆ."

ಅಮ್ಮ ಕಾಫಿ ಕುಡಿದು ಮುಗಿಸಿದಳು. ಆಮೇಲೆ ಅಪ್ಪನ ತಲೆಯಿಂದ ಟೋಪಿ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು.

"ಬೇರೆ ಹೆಣೆದುಕೊಡ್ತೀನಿ," ಎಂದಳು. "ಬಾಯಿಗೆ ಕಿಂಡಿ ಇಲ್ಲದ್ದು."