ಟಿವಿ ಹುಡುಗಿಗೆ ಅತ್ತೆ ಕೇಳಿದ ಮಾತು

ಗೆಳೆಯರೇ, ನನಗಿನ್ನೂ ಗಾಬರಿ ಇಳಿದಿಲ್ಲ. ರಾಮದುರ್ಗದ ನಮ್ಮ ಸೋದರತ್ತೆಗೆ ಶಾಪಿಂಗ್ ಚಾನಲ್‌ನಲ್ಲಿ ಸಾಮಾನು ತೋರಿಸಿ ಮಾತಾಡುವ ಹುಡುಗಿಯನ್ನು ಕಂಡರಾಗದು. "ಎಷ್ಟು ಚೀರತಾಳವಾ, ಸಂತ್ಯಾಗ ಬದನಿಕಾಯಿ ಮಾರಾಕಿನೂ ಇಷ್ಟು ಒದರೂದಿಲ್ಲ" ಎನ್ನುತ್ತಲೇ ದಿನವೂ ನೋಡುತ್ತಾಳೆ.

ಇಂದು ಆ ಹುಡುಗಿ ರೊಟ್ಟಿ ಮಾಡುವ ಯಂತ್ರ ತೋರಿಸುತ್ತಿದ್ದಳು. ಅತ್ತೆ ನಾಲ್ಕು ಮಾತು ಬೈಯಲೆಂದು ಪರದೆಯ ಮೇಲಿನ ನಂಬರಿಗೆ ಫೋನ್ ಹಚ್ಚಿಯೇಬಿಟ್ಟಳು. ನೇರ ಪ್ರಸಾರದಲ್ಲೇ ಹುಡುಗಿ ಸಿಕ್ಕಳು. ಆದರೆ ನಮ್ಮ ಕಡೆ ಜಗಳಕ್ಕೆ ಹೋದವರೂ ಮೊದಲು ಊಟ ಕೇಳಬೇಕಲ್ಲ.

"ಊಟ ಆತೇನವಾ?" ಎಂದಳು ಅತ್ತೆ.

ಹುಡುಗಿಯ ನಗು ಅಲ್ಲೇ ನಿಂತಿತು. "ಇಲ್ಲಮ್ಮ. ಬೆಳಗ್ಗೆಯಿಂದ ನಿಂತೇ ಇದ್ದೀನಿ, ಕೂರೋಕೂ ಬಿಟ್ಟಿಲ್ಲ."

ತಕ್ಷಣ ಜಾಹೀರಾತು ಬಂತು. ಅದು ಮುಗಿದಾಗ ಅಲ್ಲಿ ಬೇರೆ ಹುಡುಗಿ ನಿಂತಿದ್ದಳು. ಅತ್ತೆಯೂ ಪಕ್ಕದಲ್ಲೇ ಕುಳಿತಿದ್ದ ನಾನೂ ದಂಗಾದೆವು.

"ನಾ ಕೇಳಿದ್ದಕ್ಕ ಆಕಿ ಕೆಲಸ ಹೋತೇನೋ?" ಎಂದಳು ಅತ್ತೆ.

ಅತ್ತೆ ಮತ್ತೆ ಫೋನ್ ಹಚ್ಚಿದಳು. ಈ ಸಲ ಆರ್ಡರ್ ಬರೆದುಕೊಳ್ಳುವವರು ಎತ್ತಿದರು.

"ಆ ಚೀರೋ ಹುಡುಗಿ ಉಂಡು ಬರ್ಲಿ. ಆಕಿ ಹೇಳಿದ್ರಷ್ಟ ಯಂತ್ರ ತಗೋತೇನ್ರಿ."

ಹೊಸ ಹುಡುಗಿ ಬಹಳ ಮೆಲ್ಲಗೆ, ಚೆಂದಾಗಿ ಮಾತಾಡುತ್ತಿದ್ದಾಳೆ. ಅತ್ತೆ ಟಿವಿಯ ದನಿ ಪೂರ್ತಿ ಇಳಿಸಿ, ಕಾಯುತ್ತಾ ಕುಳಿತಿದ್ದಾಳೆ.